ಬಾನೆಟ್ ಮೇಲಿನ ಬೆಕ್ಕು

ಚಳಿಗಾಲದ ಬೆಳಗ್ಗೆ ಪುಟ್ಟಸ್ವಾಮಯ್ಯ ಮೇಷ್ಟ್ರು ತಂಗಿಯ ಮಗಳ ಮದುವೆಗೆ ಹೊರಟಿದ್ದರು. ಸೋದರಮಾವ ಕೈಹಿಡಿದು ಕರೆತರದೆ ಮದುಮಗಳು ಮಂಟಪಕ್ಕೆ ಬರುವಂತಿರಲಿಲ್ಲ. ವಾಡಿಕೆಯಂತೆ ಅವರು ಕಾರು ಸ್ಟಾರ್ಟ್ ಮಾಡಿ, ಅದು ಬಿಸಿಯಾಗುವಷ್ಟರಲ್ಲಿ ಕಾಫಿ ಕುಡಿದು ಬರೋಣವೆಂದು ಒಳಗೆ ಹೋದರು.

ಬೆಕ್ಕೊಂದು ಬಂದು ಬಾನೆಟ್ ಮೇಲೆ ಮೈಚಾಚಿ ಮಲಗಿತು.

"ಬೆಕ್ಕೇ, ನಾನು ಬಿಸಿಯಾದೆನೇ?" ಎಂದು ಎಂಜಿನ್ ಕೇಳಿತು.

"ಎಲ್ಲಿ ಬಿಸಿ, ಸ್ವಾಮಿ? ಈ ಚಳಿಯಲ್ಲಿ ಹೊರಟರೆ ನಿಮ್ಮಂಥ ದೊಡ್ಡವರ ಆರೋಗ್ಯ ಏನಾಗಬೇಕು? ಇನ್ನೂ ಸ್ವಲ್ಪ ಹೊತ್ತು ಇರಿ."

ಮೇಷ್ಟ್ರು ಇಣುಕಿದಾಗಲೆಲ್ಲ ಎಂಜಿನ್ "ಇನ್ನೂ ಆಗಿಲ್ಲ" ಎಂದು ಗುರುಗುಟ್ಟಿತು. ಅವರು ಇನ್ನೊಂದು ಲೋಟ ಕಾಫಿಗೆ ಒಳಗೆ ಹೋದರು.

ಹಿಂದಿನಿಂದ ಪೆಟ್ರೋಲ್ ಟ್ಯಾಂಕ್ ಕೂಗಿತು: "ಅಣ್ಣಾ, ನನ್ನ ತಳ ಕಾಣುತ್ತಿದೆ! ಹೊರಡು, ದಾರಿಯಲ್ಲೇ ಬಿಸಿಯಾಗುತ್ತೀಯ."

"ಹಿಂದೆ ಕೂತ ನಿನಗೇನು ಗೊತ್ತು? ನನ್ನ ಮೈ ಮುಟ್ಟಿ ನೋಡುತ್ತಿರುವುದು ಬೆಕ್ಕು."

ಕೊನೆಗೆ ಮೇಷ್ಟ್ರು ಪೇಟ ಸರಿಮಾಡಿಕೊಂಡು ಸ್ಟೀರಿಂಗ್ ಹಿಡಿದರು. ಎಂಜಿನ್ ಕೆಮ್ಮಿ ನಿಂತೇಹೋಯಿತು. ಟ್ಯಾಂಕ್ ಖಾಲಿ. ಮೇಷ್ಟ್ರು ಪಂಚೆ ಎತ್ತಿಕಟ್ಟಿ ಬಸ್ ಸ್ಟ್ಯಾಂಡಿಗೆ ಓಡಿದರು.

"ಬೆಕ್ಕೇ, ಈಗೇನು ಮಾಡಲಿ?" ಎಂದಿತು ಎಂಜಿನ್.

ಬಾನೆಟ್ ತಣ್ಣಗಾಗುತ್ತಲೇ ಬೆಕ್ಕು ಕೆಳಗಿಳಿದು, ಆಗಷ್ಟೇ ಸ್ಟಾರ್ಟ್ ಆದ ಪಕ್ಕದ ಮನೆಯ ಜೀಪನ್ನು ಹತ್ತಿ ಕೇಳಿತು: "ಸ್ವಾಮಿ, ಇಂಥ ಚಳಿಯಲ್ಲಿ ಅಷ್ಟೊಂದು ಅವಸರವೇನು?"