ಪೆನ್ನಿನ ಸಂತೆಯ ಕೀಲಿ

ಹೊಳೆ ದಂಡೆಗೊಂದು ಮಠ, ಮಠದಲ್ಲೊಬ್ಬ ಗುರು, ಎದುರಿಗೊಬ್ಬ ಶಿಷ್ಯೆ. ಇಂಥ ಕಥೆಗಳು ಹೀಗೇ ಶುರುವಾಗುತ್ತವೆ, ಇದೂ ಹಾಗೇ. ವ್ಯತ್ಯಾಸ ಇಷ್ಟೇ, ಈ ಗುರುವಿನ ಮುಂದೆ ವ್ಯಾಸಪೀಠದ ಮೇಲೆ ಪುರಾಣದ ಬದಲು ಲ್ಯಾಪ್‌ಟಾಪ್ ಇತ್ತು.

ಗುರುವಿನ ಹೆಸರು ಅಡಿವೆಯ್ಯ. ಊರವರಿಗೆ ಅಜ್ಜಾರು. ಎಲ್ಲವನ್ನೂ ಬಿಟ್ಟಿದ್ದ ಅಜ್ಜಾರಿಗೆ ಬಿಡಲಾಗದ ಚಟ ಒಂದೇ, ಶಾಯಿ ಪೆನ್ನು.

ಅದೇ ಚಟದವರಿಗಾಗಿ ಅವರು ಇಂಟರ್ನೆಟ್ಟಿನಲ್ಲಿ 'ಮಸಿಕುಡಿಕೆ' ಎಂಬ ಫೋರಂ ಕಟ್ಟಿದ್ದರು. ಎರಡು ಸಾವಿರ ಜನ ಅಲ್ಲಿ ನಿಬ್ಬು, ಶಾಯಿ, ಕಾಗದ ಎಂದು ಜಗಳವಾಡಿಕೊಂಡು ಸುಖವಾಗಿದ್ದರು.

ಫೋರಂನ ಒಂದು ಮೂಲೆಯಲ್ಲಿ ಸಂತೆ. ಹಳೆಯ ಪೆನ್ನು ಮಾರುವವರು ಅಲ್ಲಿ ಪೋಸ್ಟ್ ಹಾಕಬೇಕು. ಅದಕ್ಕೊಂದು ನಿಯಮ ಇತ್ತು. ಮಾರುವ ಪೆನ್ನಿನಿಂದಲೇ ಒಂದು ಚೀಟಿಯ ಮೇಲೆ ತಮ್ಮ ಹೆಸರು, ಆ ದಿನದ ತಾರೀಖು ಬರೆದು, ಪೆನ್ನಿನ ಪಕ್ಕ ಇಟ್ಟು ಫೋಟೋ ತೆಗೆಯಬೇಕು. ಪೆನ್ನು ತಮ್ಮ ಕೈಯಲ್ಲೇ ಇದೆ, ಅದು ಬರೆಯುತ್ತದೆ ಎಂಬುದಕ್ಕೆ ಆ ಚೀಟಿಯೇ ಸಾಕ್ಷಿ.

ಚೀಟಿ ನೋಡಿ ಪೋಸ್ಟನ್ನು ಸಂತೆಗೆ ಬಿಡುವುದು, ಅನುಮಾನ ಬಂದರೆ ಕೀಲಿ ಹಾಕುವುದು ಶಿಷ್ಯೆ ಸುಗಲಾಳ ಕೆಲಸ. ಪಕ್ಕದ ಊರಿನ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವ ಹೆಣ್ಣುಮಗಳು ಅವಳು. ಎರಡು ವರ್ಷದ ಹಿಂದೆ ಅಜ್ಜಾರು ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು, ಮಡಚಿ, ಅವಳ ಅಂಗೈಯಲ್ಲಿಟ್ಟಿದ್ದರು. ಇಬ್ಬರೂ ಅದನ್ನು ಕೀಲಿಕೈ ಎಂದೇ ಕರೆಯುತ್ತಿದ್ದರು. ಅವಳಿಂದಲೂ ಅಂದು ಒಂದು ಚೀಟಿ ಬರೆಸಿಕೊಂಡಿದ್ದರು, ಹೆಸರು ಮತ್ತು ತಾರೀಖು.

ಒಂದು ಮುಂಜಾನೆ ಸುಗಲಾ ಮಠಕ್ಕೆ ಬಂದಳು.

"ಅಜ್ಜಾರ, ನಾ ಒಂದು ಪೋಸ್ಟಿಗೆ ಕೀಲಿ ಹಾಕೇನ್ರಿ."

"ಅದು ನಿನ್ನ ಕೆಲಸನ ಐತಲ್ಲ."

"ದಾವಲಸಾಬರ ಪೋಸ್ಟ್ ರೀ."

ಅಜ್ಜಾರು ಲ್ಯಾಪ್‌ಟಾಪ್ ಮುಚ್ಚಿದರು.

ದಾವಲಸಾಬರನ್ನು ಮಸಿಕುಡಿಕೆಯಲ್ಲಿ ಅರಿಯದವರಿಲ್ಲ. ನಲವತ್ತು ವರ್ಷ ರಿಜಿಸ್ಟ್ರಾರ್ ಕಚೇರಿಯ ಮುಂದೆ ಕೂತು ಜನರ ಖರೀದಿ ಪತ್ರ ಬರೆದುಕೊಟ್ಟವರು. ಅಚ್ಚು ಒತ್ತಿದಂಥ ಅಕ್ಷರ. ಅವರ ಚೀಟಿಗಳನ್ನು ಜನ ಪೆನ್ನಿಗಿಂತ ಹೆಚ್ಚು ಹೊತ್ತು ನೋಡುತ್ತಿದ್ದರು.

"ಚೀಟಿ ಹೆಂಗಿತ್ತು?"

"ಅಕ್ಷರ ಅವರವು ಅಲ್ಲರೀ. ಸೊಟ್ಟ, ಸಣ್ಣು ದೊಡ್ಡು, ಗೆರಿ ಬಿಟ್ಟು ಕೆಳಗ ಇಳದಾವ. ಯಾರೋ ಅವರ ಹೆಸರಿನ್ಯಾಗ ಹೊಕ್ಕೊಂಡು ಮಾರಾಕ ಬಂದಾರ ಅನಿಸ್ತರಿ. ಕೀಲಿ ಹಾಕಿ, ಮ್ಯಾಲೆ ಕೆಂಪು ಅಕ್ಷರದಾಗ 'ಮೋಸದ ಶಂಕೆ' ಅಂತ ಬರದೆ."

"ಆಮ್ಯಾಲೆ?"

"ಮಂದಿ ಮುಗಿಬಿದ್ರು ರೀ. ಅರವತ್ತು ಮಾತು ಬಂದು ಬಿದ್ದಾವ. ಕಳ್ಳ ಅಂದ್ರು, ಪೊಲೀಸರಿಗೆ ಕೊಡ್ರಿ ಅಂದ್ರು. ಅವರ ಕಡಿಂದ ಒಂದು ಮಾತಿಲ್ಲ. ಮೂರು ದಿನ ಆತು. ಫೋನ್ ಹಚ್ಚಿದ್ರ ಬಂದ್ ಐತಿ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

"ಅಜ್ಜಾರ, ಅವು ಅವರವ ಅಕ್ಷರ ಆಗಿದ್ರ? ಅವರು ಏನರ ಮಾಡ್ಕೊಂಡಿದ್ರ?"

ಅಜ್ಜಾರು ಉತ್ತರದ ಬದಲು ಪ್ರಶ್ನೆ ಹಾಕಿದರು. ಗುರುಗಳ ಈ ಅಭ್ಯಾಸ ಶಿಷ್ಯರ ಪ್ರಾಣ ಹಿಂಡುತ್ತದೆ.

"ಕೀಲಿ ಹಾಕೂ ಮುಂದ ಹೆದರಿಕಿ ಆಗಿತ್ತೇನು?"

"ಆಗಿತ್ರಿ."

"ಯಾರ ಸಲುವಾಗಿ?"

ಸುಗಲಾ ಸೆರಗು ಬಿಟ್ಟು ತಲೆ ತಗ್ಗಿಸಿದಳು.

ಹೋದ ಯುಗಾದಿಯ ಹೊತ್ತಿಗೆ ಅವಳೊಂದು ಪೋಸ್ಟನ್ನು ಬಿಟ್ಟಿದ್ದಳು. ಚೀಟಿ ಸ್ವಚ್ಛ, ಅಕ್ಷರ ಮುತ್ತು, ತಾರೀಖು ಸರಿ. ಪೆನ್ನು ಕೊಂಡದ್ದು ಒಬ್ಬ ನರ್ಸ್. ಪಾರ್ಸೆಲ್ ಬಿಚ್ಚಿದರೆ ಒಳಗೆ ಬೇವಿನ ಕಡ್ಡಿ. ಮಾರಿದವನು ನಾಪತ್ತೆ. ಕೈಗೆ ಸಿಕ್ಕವಳು ಸುಗಲಾ ಒಬ್ಬಳೇ, ಹಾಗಾಗಿ ಎಲ್ಲರೂ ಅವಳನ್ನೇ ಹಿಡಿದರು. ಚೀಟಿ ನೋಡಿದ್ದು ಯಾರು, ಕಣ್ಣು ಎಲ್ಲಿಟ್ಟಿದ್ದರು ಎಂದು ವಾರಗಟ್ಟಲೆ ಕೇಳಿದರು. ಅಂದಿನಿಂದ ಪ್ರತಿ ಚೀಟಿಯಲ್ಲೂ ಅವಳಿಗೆ ಬೇವಿನ ಕಡ್ಡಿಯೇ ಕಾಣುತ್ತಿತ್ತು. ಸಂತೆಯಲ್ಲಿ ಅರ್ಧ ಪೋಸ್ಟುಗಳಿಗೆ ಕೀಲಿ ಬಿದ್ದಿತ್ತು.

ಅಜ್ಜಾರು ಒಂದು ಕಾಗದದ ತುಂಡು, ಒಂದು ಪೆನ್ನು ಮುಂದಿಟ್ಟರು.

"ಬರಿ."

"ಏನು ಬರೀಲ್ರಿ?"

"ನಿನ್ನ ಹೆಸರು. ಇವತ್ತಿನ ತಾರೀಖು."

ಸುಗಲಾ ಬರೆದಳು. ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ, ಕೈ ನಿಲ್ಲುತ್ತಿರಲಿಲ್ಲ. ಗ ಅಕ್ಷರದ ತಲೆಕಟ್ಟು ಎಲ್ಲೋ ಹೋಯಿತು. ಒಂದು ಕಡೆ ಶಾಯಿ ಹನಿಯಾಗಿ ಬಿತ್ತು.

ಅಜ್ಜಾರು ಹಳೆಯ ನೋಟ್‌ಬುಕ್ಕಿನಿಂದ ಎರಡು ವರ್ಷದ ಹಿಂದಿನ ಅವಳ ಚೀಟಿ ತೆಗೆದು ಪಕ್ಕದಲ್ಲಿಟ್ಟರು.

"ಎರಡೂ ಒಂದ ಕೈ ಬರದದ್ದು ಅನಸ್ತದೇನು?"

"ಇಲ್ಲರೀ."

"ಹಂಗಾರ ಸುಗಲಾ ಅಂತ ಹೇಳ್ಕೊಂಡು ಇಲ್ಲಿ ಕುಂತಾಕಿ ಯಾರು?"

"ನಾನ ರೀ, ಅಜ್ಜಾರ. ಕೈ ನಡುಗಿತ್ರಿ."

ಅಜ್ಜಾರು ಕೆಂಪು ಶಾಯಿಯ ಪೆನ್ನು ತೆಗೆದುಕೊಂಡರು. ಹೊಸ ಚೀಟಿಯ ಮೇಲೆ ಅಡ್ಡಲಾಗಿ 'ಮೋಸದ ಶಂಕೆ' ಎಂದು ಬರೆದು ಅವಳ ಕೈಗೆ ಕೊಟ್ಟರು.

"ಹೋಗಿ ಮಠದ ಬಾಗಲಕ್ಕ ಹಚ್ಚಿ ಬಾ."

ಸೋಮವಾರ. ಹೊಳೆಯಲ್ಲಿ ಮಿಂದು ಜನ ಮಠಕ್ಕೆ ಬರುವ ಹೊತ್ತು. ಆಗಲೇ ಮೆಟ್ಟಿಲ ಮೇಲೆ ಮಾತು ಕೇಳುತ್ತಿತ್ತು.

"ಬ್ಯಾಡ್ರಿ ಅಜ್ಜಾರ. ಮಂದಿ ಓದ್ತಾರ."

"ಓದಲಿ."

"ಅದರಾಗ ನನ್ನ ಹೆಸರು ಐತ್ರಿ!"

"ಅದರಾಗ ಅವರ ಹೆಸರು ಇದ್ದಿಲ್ಲೇನು?"

ಸುಗಲಾ ಅತ್ತುಬಿಟ್ಟಳು. ಅಜ್ಜಾರು ಅಳಲು ಬಿಟ್ಟರು. ಸಮಾಧಾನ ಹೇಳುವ ಜಾತಿಯ ಗುರು ಅವರಲ್ಲ.

ಅತ್ತು ಮುಗಿದ ಮೇಲೆ ಅವಳು ಕೇಳಿದಳು. "ಈಗ ಏನು ಮಾಡ್ಲಿ?"

"ಚೀಟಿ ನಿನ್ನ ಕೈಯಾಗ ಐತಿ. ಬಾಗಲಾ ನೀನ ಹುಡುಕ್ಕೋ."

ಸದಸ್ಯರ ವಿಳಾಸ ಕೀಲಿಕೈ ಇದ್ದವರಿಗೆ ಕಾಣುತ್ತದೆ. ಸುಗಲಾ ಬಸ್ಸು ಹತ್ತಿದಳು. ಎರಡು ತಾಸಿನ ದಾರಿ. ದಾವಲಸಾಬರ ಮನೆಯ ಮುಂದೆ ಜನ ಸೇರಿರುತ್ತಾರೇನೋ, ಯಾರಾದರೂ ತನ್ನನ್ನು ನೋಡಿ ಇವಳೇ ಎಂದು ಬೆರಳು ತೋರಿಸುತ್ತಾರೇನೋ ಎಂದು ಹೆದರುತ್ತ ಕೂತಿದ್ದಳು. ಒಂದು ಸಲವಂತೂ ನಡುವಿನ ಊರಲ್ಲಿ ಇಳಿದು ವಾಪಸ್ಸಾಗಲು ಎದ್ದೇ ನಿಂತಳು. ಕಂಡಕ್ಟರ್ "ನಿಮ್ಮ ಸ್ಟಾಪ್ ಇನ್ನೂ ಮುಂದ ಐತ್ರಿ ಅಕ್ಕಾರ" ಎಂದದ್ದಕ್ಕೆ ಕೂತಳು.

ಮನೆ ಸಿಕ್ಕಿತು. ಹೊಸ್ತಿಲ ಹೊರಗೆ ಎಂಟು ಹತ್ತು ಜೋಡಿ ಚಪ್ಪಲಿ ಬಿದ್ದಿದ್ದವು.

ಸುಗಲಾ ಹೊರಗೇ ನಿಂತಳು. ಇಷ್ಟು ಜನ ಒಂದು ಮನೆಗೆ ಹಗಲು ಹೊತ್ತಿನಲ್ಲಿ ಯಾಕೆ ಬರುತ್ತಾರೆ ಎಂಬುದು ಅವಳಿಗೆ ಗೊತ್ತು. ಒಳಗಿನಿಂದ ಯಾರೂ ಅಳುವುದು ಕೇಳಿಸಲಿಲ್ಲ. ಅದರಿಂದ ಇನ್ನೂ ಭಯವಾಯಿತು. ತಾನು ಒತ್ತಿದ ಒಂದು ಬಟನ್ನಿನಿಂದ ಒಂದು ಜೀವ ಹೋಯಿತು ಎಂದುಕೊಂಡಳು, ಚೀಟಿ ಹಿಡಿದ ಕೈಯನ್ನು ಎದೆಗೆ ಒತ್ತಿಕೊಂಡಳು.

"ಬಾರವ್ವಾ ಒಳಗ. ಯಾವ ಅರ್ಜಿ ಬರಸೂದೈತಿ?"

ಹೆಣ್ಣು ದನಿ. ಬಾಗಿಲಲ್ಲಿ ದಾವಲಸಾಬರ ಮಗಳು ಹಾಜಿರಾ ನಿಂತಿದ್ದಳು. ಒಳಗೆ ಬೆಂಚಿನ ಮೇಲೆ ಅರ್ಜಿ ಬರೆಸಲು ಬಂದ ಜನ ಕಾದಿದ್ದರು. ಮಂಚದ ಮೇಲೆ ದಿಂಬಿಗೆ ಒರಗಿ ದಾವಲಸಾಬರು ಕೂತಿದ್ದರು. ಅವರು ಹೇಳಬೇಕು, ಮಗಳು ಬರೆಯಬೇಕು. ಅವರ ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದುಕೊಂಡಿತ್ತು.

ಸುಗಲಾ ನಿಂತಲ್ಲೇ ಹೇಳಿದಳು. "ಕಾಕಾರ, ನಾ ಮಸಿಕುಡಿಕಿ ಸುಗಲಾ ರೀ. ನಿಮ್ಮ ಪೋಸ್ಟಿಗೆ ಕೀಲಿ ಹಾಕಿದಾಕಿ."

ಹಾಜಿರಾಳ ಮುಖ ಗಡುಸಾಯಿತು. ದಾವಲಸಾಬರು ಎಡಗೈ ಎತ್ತಿ ಮಗಳನ್ನು ತಡೆದರು.

"ಕುಂದ್ರವ್ವಾ. ದೀಪಾವಳಿ ಆದಮ್ಯಾಲೆ ಲಕ್ವಾ ಹೊಡದು ಈ ಕೈ ಹೋತು. ಬ್ಯಾಂಕಿನ್ಯಾಗ ಸಹಿ ಕೂಡೂದಿಲ್ಲ ಅಂದ್ರು. ಇರಲಿ, ಅವರಿಗೇನು ನನ್ನ ಗುರ್ತು? ಮಸಿಕುಡಿಕ್ಯಾಗ ಆದ್ರ ನನ್ನ ಅಕ್ಷರ ಬಲ್ಲವರು ಅದಾರ. ಕೈಗೆ ಏನಾತು ದಾವಲಸಾಬ ಅಂತ ಒಬ್ಬರರ ಕೇಳ್ತಾರ ಅಂದ್ಕೊಂಡಿದ್ದೆ."

ಹಾಜಿರಾ ಒಳಗಿನಿಂದ ಒಂದು ಡಬ್ಬಿ ತಂದು ಸುಗಲಾಳ ಮುಂದೆ ಸುರುವಿದಳು. ಚೀಟಿಗಳು. ಎಲ್ಲವುಗಳ ಮೇಲೂ ದಾವಲಸಾಬ ಎಂಬ ಹೆಸರು, ಪೋಸ್ಟಿನ ಚೀಟಿಯಲ್ಲಿದ್ದ ಅದೇ ತಾರೀಖು. ಒಂದರಲ್ಲಿ ಹೆಸರು ಅರ್ಧಕ್ಕೇ ನಿಂತಿತ್ತು.

"ಹದಿನೇಳು ಅದಾವ" ಎಂದಳು ಹಾಜಿರಾ. "ಎಡಗೈಲೆ ಮುಂಜಾನಿಂದ ಬರದ್ರು. ಫೋಟೋ ತಗದದ್ದು ಹದಿನೆಂಟನೇದ್ದು. ಅದ ಛಲೋ ಬಂದೈತಿ ಅಂತ ಖುಷಿ ಆಗಿದ್ರು. ನೀವು ಕೆಂಪು ಹಚ್ಚಿದ ಮ್ಯಾಲೆ ಫೋನ್ ಬಂದ್ ಮಾಡಿ ನನ್ನ ಕೈಯಾಗ ಕೊಟ್ರು."

ಸುಗಲಾ ತನ್ನ ಚೀಟಿಯನ್ನು ಅವರ ಮುಂದಿಟ್ಟಳು. ದಾವಲಸಾಬರು ಕನ್ನಡಕ ಏರಿಸಿಕೊಂಡು ನೋಡಿದರು. ಜೀವನವಿಡೀ ಬೇರೆಯವರ ಸಹಿ ನೋಡಿದ ಕಣ್ಣು ಅವು.

"ಕೆಂಪು ಅಡಿವೆಯ್ಯನವರ ಕೈ. ಮಸಿ ಯಾರ ಕೈ? ಭಾಳ ಹೆದರ್ಯಾರಲ್ಲ."

"ನಂದ ರೀ."

"ನಾ ಖೊಟ್ಟಿ ಸಹಿ ಮಾಡೋರ್ನ ಭಾಳ ಮಂದೀನ ನೋಡೇನವ್ವಾ. ಅವರ ಕೈ ನಡಗೂದಿಲ್ಲ."

ಅವರು ನಗಲಿಲ್ಲ, ಬಯ್ಯಲೂ ಇಲ್ಲ. ಹಾಜಿರಾ ಚಹಾ ತಂದಿಟ್ಟಳು, ಮುಖ ಮಾತ್ರ ಬಿಗಿಯಾಗಿಯೇ ಇತ್ತು. ಸುಗಲಾ ಅಲ್ಲೇ ಕೂತು ಪೋಸ್ಟಿನ ಕೀಲಿ ತೆಗೆದಳು. ಕೆಂಪು ಅಕ್ಷರ ಅಳಿಸಿ ಆ ಜಾಗದಲ್ಲಿ, ತಪ್ಪು ನನ್ನದು, ಅಕ್ಷರ ದಾವಲಸಾಬರದೇ, ಕೇಳದೆ ಕೀಲಿ ಹಾಕಿದೆ ಎಂದು ಬರೆದು ತನ್ನ ಹೆಸರು ಹಾಕಿದಳು.

"ಹೊಸಾ ಚೀಟಿ ಬರೀಬೇಕೇನು?" ಎಂದು ದಾವಲಸಾಬರು ಕೇಳಿದರು.

"ಬ್ಯಾಡ್ರಿ ಕಾಕಾರ. ಅದ ಇರಲಿ."

ಅರವತ್ತು ಮಾತು ಆಡಿದವರಲ್ಲಿ ನಾಲ್ಕು ಜನ ಕ್ಷಮೆ ಕೇಳಿದರು. ಉಳಿದವರು ತಿರುಗಿ ಸುಗಲಾಳನ್ನು ಹಿಡಿದುಕೊಂಡರು. ಹೊಲಿದ ಬಾಯಿ ಅಲ್ಲವಲ್ಲ ಜನರದು.

ಹದಿನೈದು ದಿನದ ಮೇಲೆ ಅವಳು ಮತ್ತೆ ಮಠಕ್ಕೆ ಬಂದಳು. ಮಡಚಿದ ಕಾಗದವನ್ನು ಅಜ್ಜಾರ ಮುಂದಿಟ್ಟಳು.

"ಇದೇನು?"

"ಕೀಲಿಕೈ ರೀ. ನನ್ನ ಕೈಲೆ ಆಗೂದಿಲ್ಲ. ಮತ್ತ ಒಂದು ಪೋಸ್ಟ್ ಬಂದೈತಿ."

"ಯಾರದು?"

"ಹೊಸಾ ಹೆಣ್ಣಮಗಳದು ರೀ. ತಂದಿ ಪೆನ್ನು ಅಂತಾಳ. ಚೀಟಿ ಮ್ಯಾಲೆ ನಿನ್ನಿ ತಾರೀಖು ಐತಿ."

"ಕೀಲಿ ಹಾಕಿದೇನು?"

"ಇಲ್ಲರೀ."

"ಬಿಟ್ಟೇನು?"

"ಬಿಟ್ಟೂ ಇಲ್ಲರೀ. ಫೋನ್ ಹಚ್ಚಿ ಕೇಳಿದೆ. ಬರದ ಮ್ಯಾಲೆ ಅಳು ಬಂತು, ಫೋಟೋ ತಗ್ಯಾಕ ಆಗಲಿಲ್ಲ, ಮರುದಿನ ತಗದೆ ಅಂದ್ಳು. ಖರೇ ಇರಬೇಕು ಅನಸ್ತು. ಆದ್ರೂ ಇವತ್ತಿನ ತಾರೀಖು ಹಾಕಿ ಮತ್ತೊಂದು ಚೀಟಿ ಬರದು ಕಳಸು ಅಂದೇನಿ, ಕಾಯಾಕ್ಹತ್ತೇನಿ. ಎದಿ ಹೊಡ್ಕೊಳ್ಳೂದು ನಿಂದ್ರವಲ್ದು ಅಜ್ಜಾರ. ಮೊದಲಿನಕಿಂತ ಜಾಸ್ತಿ ಆಗೇತಿ."

"ಯಾರ ಸಲುವಾಗಿ?"

ಸುಗಲಾ ಹೊಳೆಯ ಕಡೆ ನೋಡಿದಳು. ಈ ಪ್ರಶ್ನೆಗೆ ಹೋದ ಸಲ ಅವಳಲ್ಲಿ ಉತ್ತರ ಇತ್ತು, ಹೇಳಲು ನಾಚಿಕೆಯಾಗಿತ್ತು.

"ಆಕಿ ಖರೇ ಇದ್ದು ನಾ ತಡದ್ರ ಆಕಿಗೆ ಹೆಂಗಾದೀತು ಅಂತ ಹೆದರಿಕಿ ರೀ. ಸುಳ್ಳಿದ್ದು ನಾ ಬಿಟ್ರ ಕೊಳ್ಳೋರಿಗೆ ಹೆಂಗಾದೀತು ಅಂತ ಹೆದರಿಕಿ."

"ಮತ್ತ ನಿನ್ನ ಸಲುವಾಗಿ?"

"ಅದು ನೆನಪ ಆಗಲಿಲ್ಲರೀ."

ಅಜ್ಜಾರು ಮಡಚಿದ ಕಾಗದವನ್ನು ಎತ್ತಿ ಮತ್ತೆ ಅವಳ ಅಂಗೈಯಲ್ಲಿಟ್ಟರು. ಬೆರಳುಗಳನ್ನು ಒಂದೊಂದಾಗಿ ಮಡಚಿದರು. ಅವಳ ಕೈ ಇನ್ನೂ ನಡುಗುತ್ತಿತ್ತು.

"ಈ ನಡಕ ನಿಂತ ದಿನ ತಂದು ಕೊಡು."