ಹೆಬ್ಬಾವಿನ ಕಾಲು

ಕುರುಚಲು ಕಾಡಿನ ನಡುವೆ, ಬಂಡೆಗಳ ಮಗ್ಗುಲಲ್ಲಿ ಒಂದು ಹೊಂಡ. ಬೇಸಿಗೆಯಲ್ಲಿ ಸುತ್ತಲಿನ ನೆಲವೆಲ್ಲ ಕಾದ ಹೆಂಚಾದರೂ ಹೊಂಡದ ದಂಡೆ ಮಾತ್ರ ಒದ್ದೆಯಾಗಿ, ತಣ್ಣಗಿರುತ್ತಿತ್ತು. ಅಲ್ಲಿ ಒಂದು ಹಾವುರಾಣಿ ಆರು ಮೊಟ್ಟೆ ಇಟ್ಟು ಕಾಯುತ್ತಿತ್ತು. ಹಾವುರಾಣಿಯನ್ನು ನೀವು ಕಂಡಿರುತ್ತೀರಿ, ಮಕ್ಕಳೇ. ಎಣ್ಣೆ ಸವರಿದಂಥ ಮೈ, ಹಾವಿನಂತೆ ಹರಿಯುವ ನಡೆ, ಇದ್ದೂ ಇಲ್ಲದಂಥ ನಾಲ್ಕು ಪುಟ್ಟ ಕಾಲು.

ದಂಡೆಯ ಚಪ್ಪಡಿ ಕಲ್ಲಿನ ಮೇಲೆ ಒಂದು ಹೆಬ್ಬಾವು ಸದಾ ಮಲಗಿರುತ್ತಿತ್ತು. ಅದರ ಅಪ್ಪ, ಅಜ್ಜ, ಮುತ್ತಜ್ಜ ಮಲಗಿದ್ದೂ ಅಲ್ಲೇ. ಆ ಪೀಠದ ಕಲ್ಲನ್ನು ಯಾರೂ ನೋಡಕೂಡದು ಎಂಬುದು ಕಟ್ಟಳೆ. ಏಕೆ ಎಂದು ಕೇಳಕೂಡದು ಎಂಬುದು ಎರಡನೆಯ ಕಟ್ಟಳೆ. ಇಂಥ ಕಟ್ಟಳೆಗಳು ಯಾವಾಗಲೂ ಜೋಡಿಯಾಗಿಯೇ ಬರುತ್ತವೆ.

ಹೆಬ್ಬಾವಿಗೆ ಕೆಲಸ ಕಡಿಮೆ. ತಿಂಗಳಿಗೊಮ್ಮೆ ನುಂಗುವುದು, ಉಳಿದ ದಿನವೆಲ್ಲ ವಂಶದ ಮಾತು.

“ನಾವು ಮೊದಲ ದಿನದಿಂದಲೂ ಕಾಲಿಲ್ಲದವರು,” ಎಂದಿತು ಒಂದು ಬೆಳಿಗ್ಗೆ. “ಕಾಲಿರುವವು ಬೇರೆ ಹುಟ್ಟು, ಕೀಳು ಹುಟ್ಟು. ನಾಳೆಯಿಂದ ಈ ದಂಡೆ ಕಾಲಿಲ್ಲದವರಿಗೆ ಮಾತ್ರ.”

“ಸರಿಯಾಗಿ ಹೇಳಿದಿರಿ, ಬುದ್ಧಿ!” ಎಂದಿತು ಕೇರೆಹಾವು. ಅದಕ್ಕೆ ಒಂದು ದಿನವೂ ಪೀಠದ ನೆರಳು ಸಿಕ್ಕಿದ್ದಿಲ್ಲ. ಜೈಕಾರಕ್ಕೆ ಮಾತ್ರ ಅದೇ ಮುಂದು.

ಹಾವುರಾಣಿ ಮೊಟ್ಟೆಗಳ ಬಳಿಯಿಂದಲೇ ತಲೆ ಎತ್ತಿತು. “ಅಣ್ಣಾ, ಇನ್ನು ಹತ್ತು ದಿನಕ್ಕೆ ಮೊಟ್ಟೆ ಒಡೆಯುತ್ತವೆ. ನಾನು ಬಿಟ್ಟುಹೋದರೆ ಇರುವೆ ತಿನ್ನುತ್ತವೆ. ಹೊತ್ತೊಯ್ದರೆ ಬಿಸಿಲಿಗೆ ಒಣಗುತ್ತವೆ.”

“ಯಾರೇ ನಿನಗೆ ಅಣ್ಣ, ನಾಲ್ಕು ಕಾಲಿನವಳೇ?”

“ನಿನ್ನ ಮೈಮೇಲೂ ಹುರುಪೆ, ನನ್ನ ಮೈಮೇಲೂ ಹುರುಪೆ. ನೀನೂ ಪೊರೆ ಬಿಡುತ್ತೀಯ, ನಾನೂ ಬಿಡುತ್ತೇನೆ. ನಿನ್ನ ಮನೆಯವಳೂ ಮೊಟ್ಟೆಗೆ ಮೈ ಸುತ್ತಿಕೊಂಡು ಕಾಯುತ್ತಾಳಲ್ಲ?”

“ಆ ಹೋಲಿಕೆಯೆಲ್ಲ ನಮ್ಮ ನಂಬಿಕೆಯನ್ನು ಪರೀಕ್ಷೆ ಮಾಡಲು ಇಟ್ಟಿದ್ದು,” ಎಂದು ಹೆಬ್ಬಾವು ಕಣ್ಣರಳಿಸಿತು. ಉತ್ತರ ಗೊತ್ತಿಲ್ಲದವರು ಎಲ್ಲ ಕಾಲದಲ್ಲೂ ಹೇಳುವ ಉತ್ತರ ಅದು.

ಮರುದಿನ ಹೆಬ್ಬಾವು ಎಲ್ಲರಿಗೂ ಒಂದು ಪರೀಕ್ಷೆ ಇಟ್ಟಿತು. ಎರಡು ಬಂಡೆಗಳ ನಡುವೆ ಒಂದು ಬಿರುಕು, ಅದರ ಬಾಯಲ್ಲಿ ಆಲದ ಬೇರುಗಳ ಹೆಣಿಗೆ. ತೂರಿ ಹೋದವರು ಕುಲೀನರು, ಕಾಲು ಸಿಕ್ಕಿಕೊಂಡವರು ದಂಡೆಯಿಂದ ಆಚೆಗೆ. ಇಲಿಗೂ ಕಾಡುಹಂದಿಗೂ ಒಂದೇ ಬಿರುಕು ಹೇಗೆ ಪರೀಕ್ಷೆಯಾದೀತು ಎಂದು ಯಾರೂ ಕೇಳಲಿಲ್ಲ. ಕಪ್ಪೆ, ಆಮೆ, ಮೊಲ ಎಲ್ಲವೂ ತಲೆ ತಗ್ಗಿಸಿ ಸಾಲಾಗಿ ನಿಂತವು. ನನಗೆ ಸಿಟ್ಟು ಬರುವುದು ಹೆಬ್ಬಾವಿನ ಮೇಲಲ್ಲ, ಆ ಸಾಲಿನ ಮೇಲೆ!

ಹಾವುರಾಣಿ ಸಾಲಿನಲ್ಲಿ ನಿಲ್ಲಲಿಲ್ಲ. “ಹಿರಿಯರು ಮೊದಲು ನುಸುಳಿ ತೋರಿಸಲಿ. ಕುಲೀನರು ನುಸುಳುವುದು ಹೇಗೆ ಅಂತ ನಾವೂ ಕಲಿಯುತ್ತೇವೆ.”

ಹೊಗಳಿಕೆ ಕೇಳಿದ ಮೇಲೆ ಹೆಬ್ಬಾವು ತಡೆದೀತೆ? ಕಲ್ಲಿನಿಂದ ಇಳಿದು, ಬಿರುಕಿಗೆ ತಲೆ ಹಾಕಿ, ಗಂಭೀರವಾಗಿ ಹರಿಯಿತು. ತಲೆ ಹೋಯಿತು, ಹೊಟ್ಟೆಯೂ ಹೋಯಿತು. ಬಾಲದ ಹತ್ತಿರ ಬಂದಾಗ ಗಕ್ಕನೆ ನಿಂತಿತು.

“ಎಳೆಯೋ ಕೇರೆ! ಏನು ಸಿಕ್ಕಿಕೊಂಡಿದೆ ನೋಡೋ!”

ಕೇರೆ ಹತ್ತಿರ ಹೋಗಿ ನೋಡಿ ತೊದಲಿತು. “ಬುದ್ಧಿ... ಬಾಲದ ಬುಡದಲ್ಲಿ... ಆಚೆಗೊಂದು, ಈಚೆಗೊಂದು ಉಗುರು. ಬೇರಿಗೆ ಕೊಕ್ಕೆ ಹಾಕಿವೆ.”

“ಅದು ನಮ್ಮ ವಂಶದ ಒಡವೆ!”

“ಒಡವೆಯಾದರೆ ಕಳಚಿ ಇಡು,” ಎಂದಿತು ಹಾವುರಾಣಿ.

ಕೇರೆ ಎಳೆಯಿತು. “ಅಯ್ಯಯ್ಯೋ! ಒಳಗೆ ಮೂಳೆ ಇದೆ ಕಣೋ!” ಎಂದು ಹೆಬ್ಬಾವು ಚೀರಿತು.

“ಉಗುರು, ಉಗುರಿನ ಹಿಂದೆ ಮೂಳೆ. ನನ್ನ ಹಿಂಗಾಲೂ ಅಷ್ಟೇ ಅಣ್ಣಾ. ನಿನ್ನದು ಸವೆದಿದೆ, ನನ್ನದು ಸವೆಯುತ್ತಿದೆ.”

ಅಷ್ಟರಲ್ಲಿ ಆಮೆ ಕೂಗಿತು: “ಇಲ್ಲಿ ನೋಡ್ರೋ!” ಖಾಲಿಯಾದ ಪೀಠದಲ್ಲಿ, ಕಲ್ಲಿನೊಳಗೇ ಕಲ್ಲಾಗಿ, ಒಂದು ಹಾವಿನ ಎಲುಬು. ಉದ್ದ ಬೆನ್ನು, ಸಾಲು ಪಕ್ಕೆಲುಬು, ಬಾಲದ ಬುಡದಲ್ಲಿ ಸ್ಪಷ್ಟವಾಗಿ ಎರಡು ಕಾಲು. ಸಾಕ್ಷಿಯ ಮೇಲೆ ಮಲಗಿಕೊಂಡೇ ನಾಲ್ಕು ತಲೆಮಾರು ಭಾಷಣ ಮಾಡಿತ್ತು!

“ನಿನ್ನ ಅಜ್ಜಿಯ ಅಜ್ಜಿಯ ಅಜ್ಜಿ, ಎಣಿಕೆಗೆ ಸಿಗದಷ್ಟು ಹಿಂದಿನವಳು, ನಡೆಯುತ್ತಿದ್ದಳು,” ಎಂದಿತು ಹಾವುರಾಣಿ. “ಇನ್ನೂ ಲಕ್ಷಾಂತರ ತಲೆಮಾರು ಹಿಂದಕ್ಕೆ ಹೋದರೆ ನಿನ್ನ ಅಜ್ಜಿ, ನನ್ನ ಅಜ್ಜಿ ಒಬ್ಬಳೇ. ಸರಿ, ಈಗ ಹೊರಗೆ ಬರಬೇಕಾದರೆ ಕಾಲು ಮಡಿಸು. ನಾವು ಹುಲ್ಲಿನಲ್ಲಿ ನುಸುಳುವಾಗ ಹಾಗೇ ಮಾಡುತ್ತೇವೆ.”

“ನನಗೆ ಕಾಲಿಲ್ಲ!”

“ಹಾಗಾದರೆ ಅಲ್ಲೇ ಇರು.”

ಸಾಲು ಚದುರಿತು. ಕಪ್ಪೆ ನೀರಿಗೆ ಹಾರಿತು. ಹಾವುರಾಣಿ ಹೋಗಿ ತನ್ನ ಆರು ಮೊಟ್ಟೆಗಳ ಸುತ್ತ ಮೈ ಬಳಸಿತು. ಕೇರೆ ಮೊದಲ ಬಾರಿಗೆ ಪೀಠದ ನೆರಳಲ್ಲಿ ಮೈ ಚಾಚಿತು. ಬಿಸಿಲು ನೆತ್ತಿಗೇರಿತು, ಬಂಡೆ ಕಾಯಿತು, ಹೆಬ್ಬಾವಿನ ಹೊಟ್ಟೆ ಸುಡತೊಡಗಿತು. ವಂಶದ ಹಿರಿಮೆಯಲ್ಲಿ ಒಂದು ಹನಿ ತಂಪಿರಲಿಲ್ಲ.

ಕೊನೆಗೆ ಬಿರುಕಿನೊಳಗಿಂದ ಸಣ್ಣ ದನಿ ಬಂತು.

“ತಂಗೀ... ಕಾಲು ಮಡಿಸೋದು ಹೇಗಮ್ಮಾ?”

ನೀತಿ: ತನ್ನ ಹುಟ್ಟೇ ಬೇರೆ ಎನ್ನುವವನ ಬಾಯಿ ನೋಡಬೇಡಿ, ಮೂಳೆ ನೋಡಿ, ನೆಂಟಸ್ತಿಕೆಯ ಗುರುತು ಇರುವುದು ಅಲ್ಲಿ.