ಗೂಬೆರಾಯರ ಎಡಗಡೆಯ ವಾಲ್ವ್

“ಗೂಬೆರಾಯರ ಹೊಸ ಪೊಟರೆ ಎಲ್ಲಪ್ಪಾ?” ದಾರಿ ತಪ್ಪಿ ಅಲೆಯುತ್ತಿದ್ದ ಚಂದ್ರಮುಕುಟ ಹಕ್ಕಿ ಅಳಿಲನ್ನು ಕೇಳಿದಳು.

“ಕಿರುಚಾಟ ಬರುವ ಕಡೆಗೇ ಹಾರಿ, ಅಕ್ಕಾ. ಅವರ ಆಂಪ್ಲಿಫೈಯರ್ ಕೆಟ್ಟಿದೆ.”

ಅವಳು ಅಲ್ಲಿಗೆ ತಲುಪಿದಾಗ, ಅವಳಷ್ಟೇ ಹಾಡಿನ ಹುಚ್ಚಿದ್ದ ರಾಯರು ಆಂಪ್ಲಿಫೈಯರಿನಲ್ಲಿ ದನಿ ಹಿಗ್ಗಿಸುವ ಎರಡು ಗಾಜಿನ ಬುರುಡೆಗಳ ಪೈಕಿ ಎಡಗಡೆಯ ವಾಲ್ವನ್ನು ಬೈಯುತ್ತಿದ್ದರು. “ನಿನಗಿಂತ ಮೊದಲು ಈ ಜಾಗದಲ್ಲಿ ಕೂತು ಕಿರುಚಿದ ಇಬ್ಬರನ್ನು ಎಸೆದಾಯಿತು. ನಿನ್ನನ್ನೂ ಎಸೆದರೆ ಬೇರೆ ವಾಲ್ವ್ ಸಿಗದು, ನನ್ನ ಸಂಗೀತವೇ ಮುಗಿಯಿತು!”

“ಹಾಡುವುದಕ್ಕೆ ಮನೆತನ ಬೇಕು ಸ್ವಾಮಿ,” ಎಂದು ಬಲಗಡೆಯ ವಾಲ್ವ್ ಬೀಗಿತು.

ಊರೂರು ಸುತ್ತಿದ ಹಕ್ಕಿಗೆ ಈ ಮಾತು ಹೊಸದಲ್ಲ. ಕರೆಂಟ್ ತೆಗೆದು, ಬಿಸಿ ಆರಿದ ಮೇಲೆ ಎರಡು ವಾಲ್ವ್‌ಗಳನ್ನೂ ಅದಲುಬದಲು ಕೂರಿಸಿದಳು. ಈಗ ಬೈಸಿಕೊಂಡದ್ದು ಇಂಪಾಗಿ ಹಾಡಿತು; ಮನೆತನದ್ದು ಕಿಟಾರನೆ ಕಿರುಚಿತು.

“ದೋಷ ಕೂತವರದ್ದಲ್ಲ ರಾಯರೇ, ಪೀಠದ್ದು,” ಎಂದು ಮತ್ತೆ ಕರೆಂಟ್ ತೆಗೆದು, ಎಡಗಡೆಯ ಸಾಕೆಟ್ಟಿಗೆ ಉದ್ದ ಕೊಕ್ಕು ತೂರಿಸಿ ಕಿಲುಬು ಕೆರೆದಳು. ಆಮೇಲೆ ಎರಡೂ ವಾಲ್ವ್ ಸೇರಿ ಹಾಡಿದ ಹಾಡಿಗೆ ಇಡೀ ಕಾಡು ತಲೆದೂಗಿತು.

“ನಿನಗೇನು ಕೊಡಲಮ್ಮಾ?” ರಾಯರ ಕಣ್ಣು ತುಂಬಿತ್ತು.

“ಏನೂ ಬೇಡ. ನನ್ನ ರೆಕ್ಕೆ ಮುರಿದಾಗ, ಇವಳಿಂದೇನು ಉಪಯೋಗ ಎನ್ನದೆ ನಿಮ್ಮ ಹಳೆಯ ಪೊಟರೆಯಲ್ಲಿ ಜಾಗ ಕೊಟ್ಟು ಹಾಡು ಕೇಳಿಸಿದ್ದಿರಿ. ಆ ಋಣ ಇವತ್ತು ತೀರಿತು,” ಎಂದು ಅವಳು ಜುಟ್ಟು ಅರಳಿಸಿ ಹಾರಿದಳು.